ಕರೆಂಟು ಹೋದರೂ ಮರೆಯದ ಗಂಟೆ: ಮೈಕ್ರೊಕಂಟ್ರೋಲರ್‌ನ ಒಳಗೊಂದು ನೋಟ

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರ ಪತ್ರಿಕೆಯ ದಿನ ನಮ್ಮ ಕಾಲೇಜಿನ ಗಂಟೆ ಎಡವಟ್ಟು ಮಾಡಿದ್ದು ಹಲವರಿಗೆ ನೆನಪಿರಬಹುದು. ಪರೀಕ್ಷೆ 10 ಗಂಟೆಗೆ ಆರಂಭವಾಗಿತ್ತು. 10:40ಕ್ಕೆ ಕರೆಂಟು ಹೋಯಿತು, 10:50ಕ್ಕೆ ಬಂತು. ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದಾಗ 11:50ಕ್ಕೆ ಇದ್ದಕ್ಕಿದ್ದಂತೆ ಉದ್ದನೆಯ ಗಂಟೆ ಬಾರಿಸಿತು. ಅದು ಪರೀಕ್ಷೆ ಆರಂಭವಾಗುವಾಗ ಬಾರಿಸಬೇಕಾದ ಗಂಟೆ! ಇನ್ನು 12:50ಕ್ಕೆ ಬರಬೇಕಾಗಿದ್ದ 'ಕೊನೆಯ ಹತ್ತು ನಿಮಿಷ'ದ ಗಂಟೆ ಬರಲೇ ಇಲ್ಲ. ಆ ಗಂಟೆಯನ್ನೇ ನಂಬಿ ಕೊನೆಯ ಪ್ರಶ್ನೆಯನ್ನು ಮುಂದಕ್ಕೆ ಹಾಕಿದವರು ಕೆಲವರಿದ್ದರು. ಅವರಲ್ಲಿ ನಾನೂ ಒಬ್ಬಳು. ಐದು ಅಂಕದ ಒಂದು ಪ್ರಶ್ನೆ ಹಾಗೇ ಉಳಿದುಹೋಯಿತು.

ಇದರಲ್ಲಿ ನಾನು ಯಾರ ಮೇಲೂ ದೂರು ಹೇಳುವ ಹಾಗಿರಲಿಲ್ಲ. ಏಕೆಂದರೆ ಆ ಗಂಟೆಯ ಪೆಟ್ಟಿಗೆಯನ್ನು ಮಾಡಿದವರು ನಾವೇ. ಪ್ರಥಮ ಪಿಯುಸಿಯಲ್ಲಿದ್ದಾಗ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ನಾವು ನಾಲ್ವರು ಗೆಳತಿಯರು ಸೇರಿ ಮಾಡಿದ ಸ್ವಯಂಚಾಲಿತ ಗಂಟೆ ಅದು. ಎಲ್ಲರೂ ಮೆಚ್ಚಿದರು, ಕಾಲೇಜು ಅದನ್ನು ಬಳಕೆಗೂ ತೆಗೆದುಕೊಂಡಿತು. ನಾವೆಲ್ಲ ಚಾಚಾ ಎಂದು ಕರೆಯುವ ಅಟೆಂಡರ್ ಪ್ರತಿದಿನ ಬೆಳಿಗ್ಗೆ ತಮ್ಮ ಕೈಗಡಿಯಾರ ನೋಡಿ ಸರಿಯಾಗಿ 9 ಗಂಟೆಗೆ ಅದರ ಸ್ವಿಚ್ ಹಾಕುತ್ತಿದ್ದರು. ಸ್ವಿಚ್ ಹಾಕಿದ ಕ್ಷಣವನ್ನು 9 ಗಂಟೆ ಎಂದು ತಿಳಿದು ಅಲ್ಲಿಂದ ಎಣಿಸುತ್ತ ಹೋಗುವಂತೆ ನಾವು ಪ್ರೋಗ್ರಾಂ ಬರೆದಿದ್ದೆವು. ಪರೀಕ್ಷೆಯ ದಿನ 10:50ಕ್ಕೆ ಕರೆಂಟು ಮರಳಿದಾಗಲೂ ಅದು ಹಾಗೆಯೇ ತಿಳಿಯಿತು. ಅದರ ಪಾಲಿಗೆ ಮತ್ತೆ ಬೆಳಗಿನ 9 ಗಂಟೆ! ಹಾಗಾಗಿ ನಮಗೆ 11:50 ಆದಾಗ ಅದಕ್ಕೆ 10 ಗಂಟೆ. ನಮಗೆ 12:50 ಆದಾಗ ಅದಕ್ಕೆ ಇನ್ನೂ 11 ಗಂಟೆ.

ಆ ತಪ್ಪನ್ನು ಸರಿಪಡಿಸಲು ಹೊರಟಾಗ ನಾವು ಕಲಿತದ್ದನ್ನು ಈ ಲೇಖನದಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಚಿಪ್ಪಿನಲ್ಲಿ ನೆನಪು ಎಲ್ಲಿರುತ್ತದೆ, ಅದು ವಿದ್ಯುತ್ತನ್ನು ಹೇಗೆ ಬಳಸುತ್ತದೆ, ಹೊರಗಿನ ಸಾಧನಗಳ ಜೊತೆ ಹೇಗೆ ಮಾತಾಡುತ್ತದೆ ಎಂಬ ಮೂರು ವಿಷಯಗಳು ಗೊತ್ತಿದ್ದರೆ ಇಂತಹ ಪೆಟ್ಟಿಗೆಯನ್ನು ನೀವೂ ಮಾಡಬಹುದು. ನಾವು ಮಾಡಿದ ತಪ್ಪುಗಳಿಂದಲೂ ತಪ್ಪಿಸಿಕೊಳ್ಳಬಹುದು.

ಮೈಕ್ರೊಕಂಟ್ರೋಲರ್ ಎಂದರೇನು?

ಕಂಪ್ಯೂಟರಿನ ಮೈಕ್ರೊಪ್ರೊಸೆಸರ್ ಲೆಕ್ಕ ಮಾಡುವ ಮೆದುಳು ಮಾತ್ರ. ನೆನಪಿಗೆ ಬೇರೆ ಚಿಪ್ಪು, ಹೊರಗಿನ ಸಂಪರ್ಕಕ್ಕೆ ಬೇರೆ ಚಿಪ್ಪು ಬೇಕು. ಮೈಕ್ರೊಕಂಟ್ರೋಲರ್‌ನಲ್ಲಿ ಇವೆಲ್ಲವೂ ಒಂದೇ ಚಿಪ್ಪಿನೊಳಗಿರುತ್ತವೆ. ವಾಷಿಂಗ್ ಮೆಷಿನ್, ಮೈಕ್ರೊವೇವ್ ಒಲೆ, ಟಿವಿ ರಿಮೋಟ್, ಕಾರಿನ ಏರ್‌ಬ್ಯಾಗ್, ಡಿಜಿಟಲ್ ಥರ್ಮಾಮೀಟರ್ ಎಲ್ಲದರಲ್ಲೂ ಇಂತಹ ಚಿಪ್ಪು ಕುಳಿತಿದೆ. ಒಂದು ಯಂತ್ರದೊಳಗೆ ಸೇರಿಕೊಂಡು ಒಂದೇ ಬಗೆಯ ಕೆಲಸವನ್ನು ಮಾಡುತ್ತಿರುವುದರಿಂದ ಇಂತಹ ವ್ಯವಸ್ಥೆಯನ್ನು ಎಂಬೆಡೆಡ್ ವ್ಯವಸ್ಥೆ ಎನ್ನುತ್ತಾರೆ.

ಎಲೆಕ್ಟ್ರಾನಿಕ್ಸ್ ಓದುವವರಿಗೆ 8051 ಎಂಬ ಹೆಸರು ಪರಿಚಿತ. ಇಂಟೆಲ್ ಕಂಪನಿ 1980ರಲ್ಲಿ ಹೊರತಂದ ಆ ಚಿಪ್ಪಿನಲ್ಲಿ 4 ಕಿಲೊಬೈಟ್ ರೋಮ್, 128 ಬೈಟ್ ರ‍್ಯಾಮ್, ಎರಡು ಟೈಮರ್, ಒಂದು ಸೀರಿಯಲ್ ಪೋರ್ಟ್ ಮತ್ತು 32 ಇನ್‌ಪುಟ್-ಔಟ್‌ಪುಟ್ ಪಿನ್‌ಗಳಿದ್ದವು. ನಾವು ಬಳಸಿದ್ದು ಆರ್ಡುಯಿನೊ ಯುನೊ ಬೋರ್ಡು. ಅದರ ಮೇಲಿರುವ ಚಿಪ್ಪಿನ ಹೆಸರು ಎಟಿಮೆಗಾ328ಪಿ. ಇದು ಎವಿಆರ್ ಎಂಬ ಕುಟುಂಬಕ್ಕೆ ಸೇರಿದ್ದು. ನಾರ್ವೆಯ ಟ್ರಾಂಡ್‌ಹೈಮ್ ನಗರದಲ್ಲಿ ಓದುತ್ತಿದ್ದ ಆಲ್ಫ್-ಎಗಿಲ್ ಬೋಗೆನ್ ಮತ್ತು ವೆಗಾರ್ಡ್ ವೊಲ್ಲಾನ್ ಎಂಬ ಇಬ್ಬರು ವಿದ್ಯಾರ್ಥಿಗಳ ಯೋಚನೆಯಿಂದ ಈ ಕುಟುಂಬ ಹುಟ್ಟಿತು. ವಿದ್ಯಾರ್ಥಿಗಳ ಯೋಜನೆ ಎಂದು ಯಾವುದನ್ನೂ ಹಗುರವಾಗಿ ಕಾಣಬಾರದು ಎಂಬುದಕ್ಕೆ ಇದೇ ಸಾಕ್ಷಿ.

ಒಂದು ಚಿಪ್ಪು, ಮೂರು ಬಗೆಯ ನೆನಪು

ಎಟಿಮೆಗಾ328ಪಿ ಚಿಪ್ಪಿನೊಳಗೆ ಮೂರು ಮೆಮೊರಿಗಳಿವೆ: 32 ಕಿಲೊಬೈಟ್ ಫ್ಲ್ಯಾಶ್, 2 ಕಿಲೊಬೈಟ್ ರ‍್ಯಾಮ್, 1 ಕಿಲೊಬೈಟ್ ಇಇಪ್ರಾಮ್. ಇವುಗಳ ಕೆಲಸವೂ ಬೇರೆ, ಸ್ವಭಾವವೂ ಬೇರೆ. ಇದನ್ನು ತರಗತಿಗೆ ಹೋಲಿಸಿ ಹೇಳುತ್ತೇನೆ.

ಫ್ಲ್ಯಾಶ್ ಎಂದರೆ ಪಠ್ಯಪುಸ್ತಕ. ನಾವು ಬರೆದ ಪ್ರೋಗ್ರಾಂ ಇಲ್ಲಿರುತ್ತದೆ. ಕರೆಂಟು ಹೋದರೂ ಅಳಿಸಿಹೋಗುವುದಿಲ್ಲ. ಚಿಪ್ಪು ಅದನ್ನು ಓದುತ್ತ ಹೋಗುತ್ತದೆ, ಸಾಮಾನ್ಯವಾಗಿ ಅದರಲ್ಲಿ ಬರೆಯುವುದಿಲ್ಲ. 

ರ‍್ಯಾಮ್ ಎಂದರೆ ಕರಿಹಲಗೆ. ಈ ಕ್ಷಣದ ಲೆಕ್ಕ, ಈಗಿನ ಸಮಯ, ಯಾವ ಗುಂಡಿ ಒತ್ತಿದ್ದಾರೆ ಎಂಬುದೆಲ್ಲ ಇಲ್ಲಿರುತ್ತದೆ. ಬೇಗ ಬರೆಯಬಹುದು, ಬೇಗ ಅಳಿಸಬಹುದು, ಎಷ್ಟು ಸಲ ಬೇಕಾದರೂ ಮಾಡಬಹುದು. ಆದರೆ ಕರೆಂಟು ಹೋದರೆ ಹಲಗೆಯ ಮೇಲಿದ್ದದ್ದೆಲ್ಲ ಹೋಯಿತು.

ಇಇಪ್ರಾಮ್ ಎಂದರೆ ಹಾಜರಿ ಪುಸ್ತಕ. ಆಗಾಗ ಬರೆದು ಶಾಶ್ವತವಾಗಿ ಇಡಬೇಕಾದ ಸಣ್ಣ ಮಾಹಿತಿಗೆ ಇದು ಜಾಗ. ಕರೆಂಟು ಹೋದರೂ ಉಳಿಯುತ್ತದೆ. ಪ್ರೋಗ್ರಾಂ ನಡೆಯುತ್ತಿರುವಾಗಲೇ ಒಂದೊಂದೇ ಬೈಟನ್ನು ತಿದ್ದಬಹುದು. ಆದರೆ ಒಂದು ಬೈಟ್ ಬರೆಯಲು 3 ಮಿಲಿಸೆಕೆಂಡಿಗಿಂತ ಹೆಚ್ಚು ಸಮಯ ಬೇಕು. ನಮಗೆ ಇದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆಯಾದರೂ, ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುವ ಚಿಪ್ಪಿಗೆ ಬಹಳ ದೀರ್ಘ ಕಾಲ.

ಈಗ ನಮ್ಮ ತಪ್ಪು ಎಲ್ಲಿತ್ತು ಎಂದು ನಿಮಗೆ ಗೊತ್ತಾಗಿರಬೇಕು. ನಾವು ಸಮಯವನ್ನು ರ‍್ಯಾಮ್‌ನಲ್ಲಿ ಮಾತ್ರ ಇಟ್ಟಿದ್ದೆವು. ಕರಿಹಲಗೆ ಅಳಿಸಿತು, ಸಮಯವೂ ಅಳಿಸಿತು.

ಅವಸರದ ಪರಿಹಾರ ಮತ್ತು ಒಂದು ಲೆಕ್ಕ

"ಹಾಗಾದರೆ ಪ್ರತಿ ಸೆಕೆಂಡಿಗೂ ಸಮಯವನ್ನು ಇಇಪ್ರಾಮ್‌ನಲ್ಲಿ ಬರೆದುಬಿಡೋಣ" ಎಂದು ನಾನು ಹೇಳಿದೆ. ನಮ್ಮ ಎಲೆಕ್ಟ್ರಾನಿಕ್ಸ್ ಮೇಡಂ ಬೇಡ ಎನ್ನಲಿಲ್ಲ. "ಆ ಚಿಪ್ಪಿನ ಡೇಟಾಶೀಟಿನಲ್ಲಿ ಇಇಪ್ರಾಮ್‌ಗೆ ಎಷ್ಟು ಸಲ ಬರೆಯಬಹುದು ಅಂತ ಕೊಟ್ಟಿದ್ದಾರೆ, ನೋಡಿಕೊಂಡು ಬಾ" ಎಂದಷ್ಟೇ ಹೇಳಿದರು.

ನೋಡಿದೆ. ಫ್ಲ್ಯಾಶ್‌ಗೆ 10,000 ಸಲ, ಇಇಪ್ರಾಮ್‌ಗೆ 1,00,000 ಸಲ. ಒಂದು ಲಕ್ಷ ಎಂದರೆ ದೊಡ್ಡ ಸಂಖ್ಯೆ ಎನಿಸಿತು. ಆದರೆ ಒಂದು ದಿನದಲ್ಲಿ 86,400 ಸೆಕೆಂಡುಗಳಿವೆ. ಸೆಕೆಂಡಿಗೊಮ್ಮೆ ಒಂದೇ ಜಾಗದಲ್ಲಿ ಬರೆದರೆ ಆ ಒಂದು ಲಕ್ಷ ಸುಮಾರು 28 ಗಂಟೆಗಳಲ್ಲಿ ಮುಗಿದುಹೋಗುತ್ತದೆ! ನಿಮಿಷಕ್ಕೊಮ್ಮೆ ಬರೆದರೂ 69 ದಿನ. ಲಕ್ಷ ದಾಟಿದ ಕೂಡಲೇ ಅದು ಕೆಡುತ್ತದೆ ಎಂದಲ್ಲ. ಅದರಾಚೆಗೆ ತಯಾರಕರು ಭರವಸೆ ಕೊಡುವುದಿಲ್ಲ. ಪ್ರತಿ ಬರಹಕ್ಕೂ ಎಲೆಕ್ಟ್ರಾನ್‌ಗಳನ್ನು ತೆಳುವಾದ ನಿರೋಧಕ ಪದರದ ಮೂಲಕ ದಾಟಿಸಬೇಕಾಗುತ್ತದೆ. ಹೀಗೆ ದಾಟಿಸುತ್ತ ಹೋದರೆ ಆ ಪದರ ಸವೆಯುತ್ತದೆ. ಪುಸ್ತಕದ ಒಂದೇ ಜಾಗವನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಬರೆದರೆ ಕಾಗದ ತೂತಾಗುವ ಹಾಗೆ.

ಇದು ನಮ್ಮಂತಹ ವಿದ್ಯಾರ್ಥಿಗಳಷ್ಟೇ ಮಾಡುವ ತಪ್ಪಲ್ಲ. ಅಮೆರಿಕದಲ್ಲಿ ಟೆಸ್ಲಾ ಕಂಪನಿ 2021ರಲ್ಲಿ ಸುಮಾರು 1,35,000 ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಆ ಕಾರುಗಳ ಪರದೆಯನ್ನು ನಡೆಸುವ ಕಂಪ್ಯೂಟರಿನಲ್ಲಿದ್ದ 8 ಗಿಗಾಬೈಟ್ ಫ್ಲ್ಯಾಶ್ ಮೆಮೊರಿ ಪದೇ ಪದೇ ಬರೆದು ಸವೆದಿತ್ತು. ಪರದೆ ಕೆಟ್ಟರೆ ಹಿಂಬದಿಯ ಕ್ಯಾಮೆರಾದ ಚಿತ್ರವೂ ಕಾಣುತ್ತಿರಲಿಲ್ಲ. ಅದು ಬೇರೆ ಬಗೆಯ ಚಿಪ್ಪು, ಆದರೆ ಪಾಠ ಒಂದೇ. ಉಳಿಯುವ ನೆನಪಿಗೆ ಬರೆಯುವಾಗ ಮಿತಿ ಇರಬೇಕು.

ಹಾಗಾಗಿ ನಾವು ಇಇಪ್ರಾಮ್‌ನಲ್ಲಿ ವೇಳಾಪಟ್ಟಿಯನ್ನು ಮಾತ್ರ ಇಡಲು ತೀರ್ಮಾನಿಸಿದೆವು. ನಮ್ಮ ಕಾಲೇಜಿಗೆ ಮೂರು ವೇಳಾಪಟ್ಟಿಗಳು ಬೇಕು: ಸಾಮಾನ್ಯ ದಿನದ್ದು ಒಂದು, ಜುಮಾ ನಮಾಝಿಗೆ ಮಧ್ಯಾಹ್ನ ಹೆಚ್ಚು ಬಿಡುವು ಇರುವ ಶುಕ್ರವಾರದ್ದು ಒಂದು, ಪರೀಕ್ಷೆಯದ್ದು ಇನ್ನೊಂದು. ಒಂದು ಗಂಟೆಗೆ ತಾಸು, ನಿಮಿಷ ಮತ್ತು ಅದು ಉದ್ದವೋ ಗಿಡ್ಡವೋ ಎಂಬ ಮೂರು ಬೈಟ್ ಸಾಕು. ದಿನಕ್ಕೆ 12 ಗಂಟೆ ಎಂದರೆ 36 ಬೈಟ್. ಮೂರು ಪಟ್ಟಿಗೆ 108 ಬೈಟ್. ನಮ್ಮಲ್ಲಿ 1,024 ಬೈಟ್ ಇದೆ. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಬದಲಾಗುವ ಪಟ್ಟಿಯಾದ್ದರಿಂದ ಸವೆಯುವ ಚಿಂತೆಯೇ ಇಲ್ಲ.

ಅಕ್ಷರಗಳು ಹುಚ್ಚಾದ ದಿನ

ಎರಡನೇ ಪೆಟ್ಟಿಗೆಗೆ ಎರಡು ಸಾಲಿನ ಎಲ್‌ಸಿಡಿ ಪರದೆ ಹಾಕಿದೆವು. ಉತ್ಸಾಹದಲ್ಲಿ ಪ್ರತಿ ತರಗತಿಗೆ, ಪ್ರತಿ ವಿಷಯಕ್ಕೆ, ಪ್ರತಿ ದಿನಕ್ಕೆ ಎಂದು ಸುಮಾರು 60 ಸಂದೇಶಗಳನ್ನು ಸೇರಿಸಿದೆವು. ಮರುದಿನ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬಂದವು. ಸ್ವಲ್ಪ ಹೊತ್ತಿನಲ್ಲಿ ಬೋರ್ಡು ತಾನಾಗಿಯೇ ಮರುಪ್ರಾರಂಭವಾಯಿತು. ವೈರು ಸಡಿಲವಾಗಿದೆ ಎಂದುಕೊಂಡು ಎರಡು ದಿನ ವೈರುಗಳನ್ನೇ ಬದಲಾಯಿಸುತ್ತ ಕುಳಿತೆವು.

ತಪ್ಪು ವೈರಿನದ್ದಲ್ಲ. ಒಂದು ಸಂದೇಶಕ್ಕೆ 16 ಅಕ್ಷರ, ಕೊನೆಯ ಗುರುತಿಗೆ ಒಂದು ಬೈಟ್, ಒಟ್ಟು 17 ಬೈಟ್. 60 ಸಂದೇಶಕ್ಕೆ 1,020 ಬೈಟ್. ಆರ್ಡುಯಿನೊದಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆದ ಪಠ್ಯ ಫ್ಲ್ಯಾಶ್‌ನಲ್ಲಿ ಇರುವುದಲ್ಲದೆ, ಬೋರ್ಡು ಆರಂಭವಾಗುವಾಗಲೇ ರ‍್ಯಾಮ್‌ಗೂ ನಕಲಾಗುತ್ತದೆ. ಅಂದರೆ 2,048 ಬೈಟಿನ ರ‍್ಯಾಮ್‌ನಲ್ಲಿ ಅರ್ಧ ಜಾಗ ಸಂದೇಶಗಳಿಗೇ ಹೋಯಿತು. ಉಳಿದದ್ದರಲ್ಲಿ ಲೈಬ್ರರಿಗಳು, ಲೆಕ್ಕಗಳು ಎಲ್ಲವೂ ಇರಬೇಕು. ಫಂಕ್ಷನ್‌ಗಳು ಬಳಸುವ ಸ್ಟ್ಯಾಕ್ ಎಂಬ ಭಾಗ ರ‍್ಯಾಮ್‌ನ ಮೇಲಿನ ತುದಿಯಿಂದ ಕೆಳಕ್ಕೆ ಬೆಳೆಯುತ್ತದೆ. ಕೆಳಗಿನ ತುದಿಯಿಂದ ನಮ್ಮ ಮಾಹಿತಿ ಮೇಲಕ್ಕೆ ಬೆಳೆಯುತ್ತದೆ. ನಡುವೆ ಜಾಗ ಮುಗಿದರೆ ಒಂದರ ಮೇಲೆ ಒಂದು ಬರೆಯುತ್ತದೆ. ಚಿಪ್ಪು ನಮಗೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಸುಮ್ಮನೆ ತಪ್ಪು ಮಾಡುತ್ತದೆ.

ಪರಿಹಾರ ಸುಲಭ. ಬದಲಾಗದ ಪಠ್ಯವನ್ನು ಫ್ಲ್ಯಾಶ್‌ನಿಂದಲೇ ನೇರವಾಗಿ ಓದು ಎಂದು ಹೇಳಲು ಆರ್ಡುಯಿನೊದಲ್ಲಿ ಎಫ್ ಎಂಬ ಮ್ಯಾಕ್ರೊ ಇದೆ. ಪಠ್ಯವನ್ನು ಅದರ ಆವರಣದೊಳಗೆ ಇಟ್ಟರೆ ಸಾಕು. ಪ್ರೋಗ್ರಾಂ ಕಂಪೈಲ್ ಆದಮೇಲೆ ಕೆಳಗೆ ಎಷ್ಟು ಮೆಮೊರಿ ಬಳಕೆಯಾಗಿದೆ ಎಂಬ ಎರಡು ಸಾಲುಗಳು ಬರುತ್ತವೆ. ನಾವು ಯಾರೂ ಅದನ್ನು ಓದುತ್ತಿರಲಿಲ್ಲ. ಈಗ ಮೊದಲು ಅದನ್ನೇ ಓದುತ್ತೇವೆ. ರ‍್ಯಾಮ್ ಬಳಕೆ ಮುಕ್ಕಾಲು ಭಾಗ ದಾಟಿದರೆ ನಿಲ್ಲಿಸಿ ಯೋಚಿಸುತ್ತೇವೆ.

ಸಮಯಕ್ಕೊಂದು ಬೇರೆ ಗಡಿಯಾರ

ಸಮಯವನ್ನು ಎಲ್ಲಿಡಬೇಕು ಎಂಬ ಮೂಲ ಪ್ರಶ್ನೆ ಇನ್ನೂ ಉಳಿದಿತ್ತು. ಅದಕ್ಕೆಂದೇ ರಿಯಲ್ ಟೈಮ್ ಕ್ಲಾಕ್ ಎಂಬ ಚಿಪ್ಪುಗಳಿವೆ. ನಾವು ತಂದದ್ದು ಡಿಎಸ್3231. ಇದರ ಪಕ್ಕದಲ್ಲಿ ನಾಣ್ಯದಂತಹ ಒಂದು ಸೆಲ್ ಇರುತ್ತದೆ. ಕರೆಂಟು ಇದ್ದಾಗ ಮುಖ್ಯ ವಿದ್ಯುತ್ತಿನಿಂದ, ಹೋದಾಗ ಸೆಲ್ಲಿನಿಂದ ಇದು ಎಣಿಸುತ್ತಲೇ ಇರುತ್ತದೆ. ದಿನಾಂಕ, ವಾರ ಎಲ್ಲವನ್ನೂ ಇಟ್ಟುಕೊಂಡಿರುತ್ತದೆ. ಶುಕ್ರವಾರ ಬಂತೆಂದರೆ ಪೆಟ್ಟಿಗೆಗೆ ಯಾರೂ ಹೇಳಬೇಕಾಗಿಲ್ಲ.

ನಿಖರತೆಯಲ್ಲೂ ವ್ಯತ್ಯಾಸ ದೊಡ್ಡದು. ಯುನೊ ಬೋರ್ಡಿನ ಮುಖ್ಯ ಚಿಪ್ಪಿಗೆ ಮಿಡಿತ ಕೊಡುವುದು ಸಿರಾಮಿಕ್ ರೆಸೊನೇಟರ್. ಅದರಲ್ಲಿ ಶೇಕಡಾ ಅರ್ಧದಷ್ಟು ತಪ್ಪು ಇರಬಹುದು. ಕೇಳಲು ಸಣ್ಣದೆನಿಸಿದರೂ ದಿನಕ್ಕೆ ಏಳು ನಿಮಿಷದಷ್ಟಾಗುತ್ತದೆ. ಡಿಎಸ್3231 ತನ್ನ ಉಷ್ಣತೆಯನ್ನು ತಾನೇ ಅಳೆದು ಕ್ವಾರ್ಟ್ಸ್ ಹರಳಿನ ಮಿಡಿತವನ್ನು ಸರಿಪಡಿಸಿಕೊಳ್ಳುತ್ತದೆ. 0ಯಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ಅದರ ತಪ್ಪು ಹತ್ತು ಲಕ್ಷದಲ್ಲಿ ಎರಡು ಪಾಲು, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ.

ಸೆಲ್ ಎಷ್ಟು ದಿನ ಬರುತ್ತದೆ? ಸಿಆರ್2032 ಸೆಲ್ಲಿನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ. ಸೆಲ್ಲಿನಿಂದ ಎಣಿಸುವಾಗ ಡಿಎಸ್3231 ಹೆಚ್ಚೆಂದರೆ 3 ಮೈಕ್ರೊಆಂಪಿಯರ್ ಎಳೆಯುತ್ತದೆ. ಭಾಗಿಸಿದರೆ 73,000 ಗಂಟೆಗಿಂತ ಹೆಚ್ಚು, ಅಂದರೆ ಎಂಟು ವರ್ಷ. ಅದೂ ಕರೆಂಟು ಒಮ್ಮೆಯೂ ಬಾರದಿದ್ದರೆ!

ಇಲ್ಲೊಂದು ಎಚ್ಚರಿಕೆ. ಮಾರುಕಟ್ಟೆಯಲ್ಲಿ ಸಿಗುವ ನೀಲಿ ಬಣ್ಣದ ಅಗ್ಗದ ಡಿಎಸ್3231 ಮಾಡ್ಯೂಲ್‌ಗಳಲ್ಲಿ ಸೆಲ್ಲನ್ನು ಚಾರ್ಜ್ ಮಾಡುವ ಒಂದು ಡಯೋಡ್ ಮತ್ತು ರೆಸಿಸ್ಟರ್ ಇರುತ್ತವೆ. ಅದು ಎಲ್‌ಐಆರ್2032 ಎಂಬ ಮರುಚಾರ್ಜ್ ಆಗುವ ಸೆಲ್ಲಿಗೆ ಮಾಡಿದ್ದು. ಅಲ್ಲಿ ಮಾಮೂಲಿ ಸಿಆರ್2032 ಹಾಕಿ 5 ವೋಲ್ಟ್ ಕೊಟ್ಟರೆ ಚಾರ್ಜ್ ಮಾಡಬಾರದ ಸೆಲ್ಲನ್ನು ಚಾರ್ಜ್ ಮಾಡಿದ ಹಾಗಾಗುತ್ತದೆ. ಸೆಲ್ ಉಬ್ಬಬಹುದು, ಸೋರಬಹುದು. ಆ ರೆಸಿಸ್ಟರನ್ನು ಬಿಚ್ಚಿ ತೆಗೆಯಬೇಕು, ಇಲ್ಲವೇ ಸರಿಯಾದ ಸೆಲ್ ಹಾಕಬೇಕು. ನಾವು ಬೆಸುಗೆ ಕಡ್ಡಿಯಿಂದ ರೆಸಿಸ್ಟರ್ ತೆಗೆದೆವು.

ವಿದ್ಯುತ್ತನ್ನು ಅಳೆದು ಖರ್ಚು ಮಾಡುವುದು

ಗಂಟೆಯ ಪೆಟ್ಟಿಗೆ ಗೋಡೆಯ ಪ್ಲಗ್ಗಿನಿಂದ ನಡೆಯುವುದರಿಂದ ಅಲ್ಲಿ ವಿದ್ಯುತ್ ಉಳಿತಾಯದ ಚಿಂತೆ ಕಡಿಮೆ. ಆದರೆ ಚಾವಣಿಯ ಮೇಲಿನ ನೀರಿನ ಟ್ಯಾಂಕ್ ಖಾಲಿಯಾದರೆ ಎಚ್ಚರಿಸುವ ಇನ್ನೊಂದು ಸಾಧನವನ್ನು ಮಾಡುವಾಗ ಅದೇ ದೊಡ್ಡ ಪ್ರಶ್ನೆಯಾಯಿತು. ಅಲ್ಲಿ ಪ್ಲಗ್ಗಿಲ್ಲ, ಬ್ಯಾಟರಿಯೇ ಗತಿ.

ಡಿಜಿಟಲ್ ಚಿಪ್ಪು ಕೆಲಸ ಮಾಡುವಾಗ ಬಳಸುವ ಶಕ್ತಿ ಎರಡು ವಿಷಯಗಳನ್ನು ಅವಲಂಬಿಸಿದೆ. ಮಿಡಿತದ ವೇಗ ಅರ್ಧವಾದರೆ ಶಕ್ತಿಯೂ ಅರ್ಧವಾಗುತ್ತದೆ. ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಶಕ್ತಿ ಬದಲಾಗುತ್ತದೆ. 5 ವೋಲ್ಟಿನಿಂದ 3.3 ವೋಲ್ಟಿಗೆ ಇಳಿಸಿದರೆ ಶೇಕಡಾ 44ರಷ್ಟು ಸಾಕು. ಆದರೆ ವೋಲ್ಟೇಜ್ ಇಳಿಸಿದಾಗ ವೇಗವನ್ನೂ ಇಳಿಸಬೇಕು. ಎಟಿಮೆಗಾ328ಪಿ 16 ಮೆಗಾಹರ್ಟ್ಸ್‌ನಲ್ಲಿ ಓಡಲು ಕನಿಷ್ಠ 4 ವೋಲ್ಟಿಗೆ ಹತ್ತಿರವಾದರೂ ಬೇಕು, 1.8 ವೋಲ್ಟಿನಲ್ಲಿ 4 ಮೆಗಾಹರ್ಟ್ಸ್ ಮಾತ್ರ.

ದೊಡ್ಡ ಉಳಿತಾಯ ಬರುವುದು ನಿದ್ರೆಯಿಂದ. ಈ ಚಿಪ್ಪಿಗೆ ಆರು ಬಗೆಯ ನಿದ್ರೆಗಳಿವೆ. ಐಡಲ್ ಎಂಬುದು ಕೋಳಿನಿದ್ರೆ. ಲೆಕ್ಕ ಮಾಡುವ ಭಾಗ ಮಾತ್ರ ಮಲಗುತ್ತದೆ, ಟೈಮರ್‌ಗಳು ಎಚ್ಚರವಾಗಿರುತ್ತವೆ. ಪವರ್-ಡೌನ್ ಎಂಬುದು ಗಾಢ ನಿದ್ರೆ. ಡೇಟಾಶೀಟಿನ ಪ್ರಕಾರ 1.8 ವೋಲ್ಟ್, 1 ಮೆಗಾಹರ್ಟ್ಸ್‌ನಲ್ಲಿ ಎಚ್ಚರವಾಗಿರುವಾಗ 0.2 ಮಿಲಿಆಂಪಿಯರ್ ಬೇಕು; ಪವರ್-ಡೌನ್‌ನಲ್ಲಿ 0.1 ಮೈಕ್ರೊಆಂಪಿಯರ್ ಸಾಕು. ಎರಡು ಸಾವಿರ ಪಟ್ಟು ವ್ಯತ್ಯಾಸ! ಗಮನಿಸಿ, ನಿದ್ರೆಯಲ್ಲಿ ರ‍್ಯಾಮ್ ಅಳಿಸಿಹೋಗುವುದಿಲ್ಲ. ನಿದ್ರೆ ಬೇರೆ, ಕರೆಂಟು ಹೋಗುವುದು ಬೇರೆ.

ಮಲಗಿದವರನ್ನು ಎಬ್ಬಿಸುವವರು ಬೇಕಲ್ಲ? ಒಂದು ಪಿನ್‌ಗೆ ಹೊರಗಿನಿಂದ ಬರುವ ಸಂಕೇತ ಎಬ್ಬಿಸಬಹುದು, ಅಥವಾ ಚಿಪ್ಪಿನೊಳಗೇ ಇರುವ ವಾಚ್‌ಡಾಗ್ ಟೈಮರ್ ಹೆಚ್ಚೆಂದರೆ 8 ಸೆಕೆಂಡಿಗೊಮ್ಮೆ ಎಬ್ಬಿಸಬಹುದು. ನಮ್ಮ ಟ್ಯಾಂಕ್ ಸಾಧನದ ಲೆಕ್ಕ ಹೀಗಿತ್ತು. ಎಚ್ಚರವಾಗಿದ್ದರೆ 5 ಮಿಲಿಆಂಪಿಯರ್, ಬ್ಯಾಟರಿ 2,000 ಮಿಲಿಆಂಪಿಯರ್-ಗಂಟೆ. ಸದಾ ಎಚ್ಚರವಾಗಿದ್ದರೆ 400 ಗಂಟೆ, ಅಂದರೆ 17 ದಿನಕ್ಕೂ ಕಡಿಮೆ. ಪ್ರತಿ 8 ಸೆಕೆಂಡಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಎದ್ದು, ನೀರು ನೋಡಿ ಮತ್ತೆ ಮಲಗಿದರೆ ಸರಾಸರಿ 0.07 ಮಿಲಿಆಂಪಿಯರ್. ಆಗ ಲೆಕ್ಕದಲ್ಲಿ ಮೂರು ವರ್ಷಕ್ಕೂ ಹೆಚ್ಚು. ಬ್ಯಾಟರಿ ತಾನಾಗಿಯೇ ಸವೆಯುವುದರಿಂದ ವಾಸ್ತವದಲ್ಲಿ ಅಷ್ಟು ಬಾರದಿದ್ದರೂ, ವಾರಗಳ ಲೆಕ್ಕ ವರ್ಷಗಳದ್ದಾಯಿತು.

ಆದರೆ ಇದು ಬರಿಯ ಚಿಪ್ಪಿನ ಲೆಕ್ಕ. ಯುನೊ ಬೋರ್ಡಿನಲ್ಲಿ ಚಿಪ್ಪನ್ನು ಮಲಗಿಸಿದರೂ ಯುಎಸ್‌ಬಿಗೆಂದು ಇರುವ ಇನ್ನೊಂದು ಚಿಪ್ಪು, ವೋಲ್ಟೇಜ್ ರೆಗ್ಯುಲೇಟರ್, ಸದಾ ಉರಿಯುವ ಪುಟ್ಟ ಎಲ್‌ಇಡಿ ಇವೆಲ್ಲ ವಿದ್ಯುತ್ ಕುಡಿಯುತ್ತಲೇ ಇರುತ್ತವೆ. ಮನೆಯವರೆಲ್ಲ ಮಲಗಿದರೂ ವರಾಂಡದ ದೀಪ ಉರಿಯುತ್ತಿರುವ ಹಾಗೆ. ಬ್ಯಾಟರಿಯ ಕೆಲಸಕ್ಕೆ ಚಿಪ್ಪನ್ನು ಪ್ರತ್ಯೇಕ ಬೋರ್ಡಿನಲ್ಲಿ ಕೂರಿಸುವುದೇ ಒಳ್ಳೆಯದು.

ವಿದ್ಯುತ್ತಿಗೆ ಸಂಬಂಧಿಸಿದ ಇನ್ನೊಬ್ಬ ಕಾವಲುಗಾರನಿದ್ದಾನೆ. ಅವನ ಹೆಸರು ಬ್ರೌನ್-ಔಟ್ ಡಿಟೆಕ್ಟರ್. ಕರೆಂಟು ಪೂರ್ತಿ ಹೋಗದೆ ವೋಲ್ಟೇಜ್ ಕುಸಿದಾಗ ಚಿಪ್ಪು ಅರೆಪ್ರಜ್ಞೆಯಲ್ಲಿ ತಪ್ಪು ಆದೇಶ ಪಾಲಿಸಬಹುದು, ಇಇಪ್ರಾಮ್‌ನಲ್ಲಿ ಏನೇನೋ ಬರೆದುಬಿಡಬಹುದು. ವೋಲ್ಟೇಜ್ ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದರೆ ಈ ಡಿಟೆಕ್ಟರ್ ಚಿಪ್ಪನ್ನು ನಿಲ್ಲಿಸಿ ಹಿಡಿಯುತ್ತದೆ, ಸರಿಯಾದ ಮೇಲೆ ಬಿಡುತ್ತದೆ. ಮಟ್ಟವನ್ನು 1.8, 2.7 ಅಥವಾ 4.3 ವೋಲ್ಟ್ ಎಂದು ಆರಿಸಿಕೊಳ್ಳಬಹುದು. ಮಳೆಗಾಲದಲ್ಲಿ ದೀಪ ಮಂಕಾಗಿ ಮಿಣುಕುವ ನಮ್ಮ ಊರುಗಳಿಗೆ ಇದು ಬೇಕೇ ಬೇಕು.

ಹೊರಗಿನವರ ಜೊತೆ ಮಾತು

ಎಟಿಮೆಗಾ328ಪಿಗೆ 28 ಕಾಲುಗಳಿರುವ ರೂಪದಲ್ಲಿ ಇನ್‌ಪುಟ್-ಔಟ್‌ಪುಟ್‌ಗೆ ಸಿಗುವುದು 23. ಎಲ್‌ಸಿಡಿಯನ್ನು ನೇರವಾಗಿ ಜೋಡಿಸಿದರೆ ಆರು ಪಿನ್ ಹೋಗುತ್ತವೆ. ಗುಂಡಿಗಳು, ದೀಪಗಳು, ರಿಲೇ, ಗಡಿಯಾರ ಎಂದು ಸೇರಿಸುತ್ತ ಹೋದರೆ ಪಿನ್ ಸಾಲದು. ಆದ್ದರಿಂದ ಕೆಲವೇ ತಂತಿಗಳಲ್ಲಿ ಹೆಚ್ಚು ಮಾತಾಡುವ ಮೂರು ಪದ್ಧತಿಗಳು ಚಿಪ್ಪಿನೊಳಗೇ ಇವೆ.

ಮೊದಲನೆಯದು ಯುಎಆರ್‌ಟಿ. ಇಬ್ಬರ ನಡುವಿನ ಫೋನ್ ಮಾತಿನಂತೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರಬೇಕು, ಅಂದರೆ ಕಳಿಸುವ ತಂತಿ ಆ ಕಡೆಯ ಸ್ವೀಕರಿಸುವ ಪಿನ್‌ಗೆ ಹೋಗಬೇಕು. ಇಬ್ಬರೂ ಒಂದೇ ವೇಗಕ್ಕೆ, ಉದಾಹರಣೆಗೆ ಸೆಕೆಂಡಿಗೆ 9,600 ಬಿಟ್‌ಗೆ, ಮೊದಲೇ ಒಪ್ಪಿರಬೇಕು.

ಎರಡನೆಯದು ಎಸ್‌ಪಿಐ. ಮೇಷ್ಟ್ರು ಒಬ್ಬೊಬ್ಬರ ಮೇಜಿನ ಬಳಿ ಹೋಗಿ ಬೆರಳಿನಿಂದ ತಟ್ಟಿ ಮಾತಾಡಿಸಿದ ಹಾಗೆ. ಮೂರು ತಂತಿಗಳು ಎಲ್ಲರಿಗೂ ಸಾಮಾನ್ಯ. ತಟ್ಟಲು ಪ್ರತಿಯೊಂದು ಸಾಧನಕ್ಕೂ ಒಂದೊಂದು ಪ್ರತ್ಯೇಕ ತಂತಿ. ವೇಗ ಹೆಚ್ಚು, ಎಸ್‌ಡಿ ಕಾರ್ಡಿನಂತಹವುಗಳಿಗೆ ಸೂಕ್ತ.

ಮೂರನೆಯದು ಐ-ಸ್ಕ್ವೇರ್ಡ್-ಸಿ. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ್ದು. ಇದು ಹಾಜರಿ ಕರೆದ ಹಾಗೆ. ಮೇಷ್ಟ್ರು ರೋಲ್ ನಂಬರ್ ಕೂಗುತ್ತಾರೆ, ಇಡೀ ತರಗತಿಗೆ ಕೇಳಿಸುತ್ತದೆ, ಆದರೆ ಆ ನಂಬರಿನವರು ಮಾತ್ರ 'ಹಾಜರ್' ಎನ್ನುತ್ತಾರೆ. ಎರಡೇ ತಂತಿಗಳು: ಒಂದರಲ್ಲಿ ಮಾಹಿತಿ, ಇನ್ನೊಂದರಲ್ಲಿ ತಾಳ. ನಮ್ಮ ಪೆಟ್ಟಿಗೆಯಲ್ಲಿ ಡಿಎಸ್3231ರ ರೋಲ್ ನಂಬರ್ ಹೆಕ್ಸಾಡೆಸಿಮಲ್‌ನಲ್ಲಿ 68. ಎಲ್‌ಸಿಡಿಯ ಬೆನ್ನಿಗೆ ಪಿಸಿಎಫ್8574 ಎಂಬ ಚಿಪ್ಪಿನ ಸಣ್ಣ ಬೋರ್ಡು ಬೆಸೆದೆವು, ಅದರ ನಂಬರ್ 27. ಹೀಗೆ ಗಡಿಯಾರವೂ ಪರದೆಯೂ ಅದೇ ಎರಡು ತಂತಿಗಳನ್ನು ಹಂಚಿಕೊಂಡವು.

ಈ ಎರಡು ತಂತಿಗಳನ್ನು ಸಾಧನಗಳು ಕೆಳಕ್ಕೆ ಎಳೆಯಬಲ್ಲವೇ ಹೊರತು ಮೇಲಕ್ಕೆ ಎತ್ತಲಾರವು. ಅದಕ್ಕಾಗಿ ಪ್ರತಿ ತಂತಿಗೂ ಒಂದೊಂದು ಪುಲ್-ಅಪ್ ರೆಸಿಸ್ಟರ್, ಸಾಮಾನ್ಯವಾಗಿ 4.7 ಕಿಲೊಓಮ್‌ನದ್ದು, ಬೇಕು. ಮಾಡ್ಯೂಲ್‌ಗಳಲ್ಲಿ ಅದು ಹೆಚ್ಚಾಗಿ ಇದ್ದೇ ಇರುತ್ತದೆ. ನಾವು ಪರದೆಯನ್ನು ಆಫೀಸಿನ ಗೋಡೆಗೆ ಹಾಕುವ ಆಸೆಯಿಂದ ಹತ್ತು ಮೀಟರ್ ತಂತಿ ಎಳೆದೆವು. ಏನೂ ಕಾಣಲಿಲ್ಲ. ತಂತಿ ಉದ್ದವಾದಷ್ಟೂ ಅದರ ಕೆಪಾಸಿಟೆನ್ಸ್ ಹೆಚ್ಚುತ್ತದೆ, ಸಂಕೇತ ಮೇಲೇರಲು ತಡವಾಗುತ್ತದೆ. ಈ ಪದ್ಧತಿ ಒಂದೇ ಪೆಟ್ಟಿಗೆಯೊಳಗಿನ ಮಾತಿಗೆ ಮಾಡಿದ್ದು, ಕೋಣೆಯಿಂದ ಕೋಣೆಗೆ ಕೂಗಲು ಅಲ್ಲ. ಪರದೆಯನ್ನು ಪೆಟ್ಟಿಗೆಗೇ ಮರಳಿ ತಂದೆವು.

ಇನ್ನು ಗಂಟೆಯನ್ನು ಬಾರಿಸುವ ರಿಲೇ. ಒಂದು ಪಿನ್ ಗರಿಷ್ಠ 40 ಮಿಲಿಆಂಪಿಯರ್ ಕೊಡಬಲ್ಲದು, 20ರೊಳಗೆ ಇರಿಸುವುದು ಕ್ಷೇಮ. 5 ವೋಲ್ಟಿನ ಸಾಮಾನ್ಯ ರಿಲೇ ಸುರುಳಿಗೆ ಸುಮಾರು 70 ಬೇಕು. ಹಾಗಾಗಿ ನಡುವೆ ಟ್ರಾನ್ಸಿಸ್ಟರ್ ಇರಬೇಕು. ಸುರುಳಿಯನ್ನು ಆರಿಸಿದ ಕ್ಷಣ ಅದು ವಿರುದ್ಧ ದಿಕ್ಕಿನ ವೋಲ್ಟೇಜನ್ನು ಚಿಮ್ಮಿಸುತ್ತದೆ. ಇದು ನಾವು ಭೌತಶಾಸ್ತ್ರದಲ್ಲಿ ಓದುವ ಸ್ವಯಂಪ್ರೇರಣೆಯೇ. ಅದನ್ನು ತಡೆಯಲು ಸುರುಳಿಗೆ ಅಡ್ಡಲಾಗಿ ಡಯೋಡ್ ಬೇಕು. 230 ವೋಲ್ಟಿನ ಭಾಗವನ್ನು ಮಾತ್ರ ನಾವು ಮುಟ್ಟಲಿಲ್ಲ. ಅದನ್ನು ಕಾಲೇಜಿನ ಎಲೆಕ್ಟ್ರೀಷಿಯನ್ ಜೋಡಿಸಿದರು. ನೀವೂ ಮುಟ್ಟಬೇಡಿ.

ಗೊತ್ತಿಲ್ಲದಿದ್ದರೆ ಸುಮ್ಮನಿರು

ಹೊಸ ಪೆಟ್ಟಿಗೆಯ ಪ್ರೋಗ್ರಾಂನಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ನಾಲ್ಕೈದು ಸಾಲುಗಳ ಒಂದು ತುಣುಕು. ಡಿಎಸ್3231ರೊಳಗೆ ಒಂದು ಬಿಟ್ ಇದೆ. ಸೆಲ್ ಸತ್ತು ಅಥವಾ ಬೇರೆ ಕಾರಣದಿಂದ ಅದರ ಮಿಡಿತ ಯಾವಾಗಲಾದರೂ ನಿಂತಿದ್ದರೆ ಆ ಬಿಟ್ 1 ಆಗುತ್ತದೆ. 'ನಾನು ಹೇಳುವ ಸಮಯವನ್ನು ನಂಬಬೇಡಿ' ಎಂದು ಚಿಪ್ಪೇ ಒಪ್ಪಿಕೊಂಡ ಹಾಗೆ. ನಮ್ಮ ಪೆಟ್ಟಿಗೆ ಪ್ರತಿ ಸಲ ಆರಂಭವಾದಾಗ ಮೊದಲು ಆ ಬಿಟ್ಟನ್ನು ಓದುತ್ತದೆ. 1 ಇದ್ದರೆ ಕೆಂಪು ದೀಪ ಹಚ್ಚಿ, ಗಂಟೆ ಬಾರಿಸದೆ ಸುಮ್ಮನಿರುತ್ತದೆ. ಆಗ ಚಾಚಾ ಕೈಯಿಂದಲೇ ಗಂಟೆ ಹೊಡೆಯುತ್ತಾರೆ. ಹಳೆಯ ಪೆಟ್ಟಿಗೆಯ ನಿಜವಾದ ದೋಷ ಸಮಯ ಮರೆತದ್ದಲ್ಲ. ಮರೆತಿದ್ದರೂ ಗೊತ್ತಿರುವಂತೆ ನಟಿಸಿದ್ದು.

ಇನ್ನೊಂದು ಪ್ರಶ್ನೆಯೂ ಎದ್ದಿತು. 12:50ರ ಗಂಟೆಯ ಹೊತ್ತಿಗೆ ಕರೆಂಟಿಲ್ಲದೆ 12:53ಕ್ಕೆ ಬಂದರೆ ಪೆಟ್ಟಿಗೆ ತಪ್ಪಿಹೋದ ಗಂಟೆಯನ್ನು ಬಾರಿಸಬೇಕೇ? ನಾವು ಬಾರಿಸಬೇಕು ಎಂದೆವು. ಮೇಡಂ ಬೇಡ ಎಂದರು. "ಆ ಗಂಟೆ ಕೇಳಿದ ಮಗು ಇನ್ನೂ ಹತ್ತು ನಿಮಿಷ ಇದೆ ಅಂತ ತಿಳಿಯುತ್ತದೆ. ಇರುವುದು ಏಳೇ ನಿಮಿಷ." ಅವರ ಮಾತೇ ಸರಿ ಎನಿಸಿತು. ಇದಕ್ಕೆ ಯಾವ ಡೇಟಾಶೀಟಿನಲ್ಲೂ ಉತ್ತರವಿಲ್ಲ. ಗಂಟೆ ಕೇಳಿಸಿಕೊಳ್ಳುವವರ ಜಾಗದಲ್ಲಿ ಕುಳಿತು ಯೋಚಿಸಬೇಕು.

ಈ ವರ್ಷದ ವಸ್ತುಪ್ರದರ್ಶನಕ್ಕೆ ತಯಾರಾಗುತ್ತಿರುವ ತಂಗಿ-ತಮ್ಮಂದಿರಿಗೆ ನನ್ನ ಸಲಹೆ ಇಷ್ಟೇ. ನಿಮ್ಮ ಯೋಜನೆ ಮೇಜಿನ ಮೇಲೆ ಚೆನ್ನಾಗಿ ನಡೆದ ಮೇಲೆ ಪ್ಲಗ್ಗನ್ನು ಕಿತ್ತು ಮತ್ತೆ ಹಾಕಿ ನೋಡಿ. ಏನನ್ನು ಮರೆಯಿತು, ಏನು ನೆನಪಿತ್ತು ಎಂದು ಬರೆದಿಡಿ. ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂದು ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಿ. ಒಂದು ತಂತಿ ಕಳಚಿದರೆ ಏನಾಗುತ್ತದೆ ಎಂದು ಪ್ರದರ್ಶನಕ್ಕೆ ಮುಂಚೆ ನೀವೇ ಕಳಚಿ ನೋಡಿ.

ಹೊಸ ಪೆಟ್ಟಿಗೆ ಈಗ ಆಫೀಸಿನ ಪಕ್ಕದ ಗೋಡೆಯಲ್ಲಿದೆ. ಕಳೆದ ವಾರ ಎರಡು ಸಲ ಕರೆಂಟು ಹೋಗಿತ್ತು. ಗಂಟೆ ತಪ್ಪಲಿಲ್ಲ. ಆದರೂ ಚಾಚಾ ಪ್ರತಿದಿನ 9 ಗಂಟೆಗೆ ತಮ್ಮ ಕೈಗಡಿಯಾರ ನೋಡಿ ಪೆಟ್ಟಿಗೆಯ ಸಮಯವನ್ನು ತಾಳೆ ನೋಡುವುದನ್ನು ಬಿಟ್ಟಿಲ್ಲ. ನಾವೂ ಬಿಡಿ ಎಂದು ಹೇಳಿಲ್ಲ. ಸರ್ಕ್ಯೂಟಿನ ಚಿತ್ರ ಮತ್ತು ಪ್ರೋಗ್ರಾಂ ಇರುವ ನೋಟ್‌ಬುಕ್ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಕಪಾಟಿನಲ್ಲಿದೆ. ಆಸಕ್ತರು ನೋಡಬಹುದು, ತಿದ್ದಬಹುದು.